ಮಂಗಳ ಹಾಡಿದ ಮೇಲೆ ಉಳಿಯುವ ಆಟ

ಒಂದು ಕಡೆಗೆ ವಸಯಿ, ಮತ್ತೊಂದು ಕಡೆಗೆ ಪನ್ವೇಲ್ ಮತ್ತು ಅದರಾಚೆಯ ಕೊಂಕಣ, ನಡುವೆ ಠಾಣೆ ಕಲ್ಯಾಣಗಳನ್ನು ಕೂಡಿಸುವ ಹಳೆಯ ಮುಖ್ಯಮಾರ್ಗ, ಹೀಗೆ ಹಳಿಗಳು ಕವಲೊಡೆಯುವ ದಿವಾ ನಿಲ್ದಾಣದ ಬಳಿಯಲ್ಲಿ ಮನೆ ಮಾಡಿಕೊಂಡವರಿಗೆ ಕಾಲದ ಬೆಲೆಯನ್ನು ಬೇರೆ ಯಾರೂ ಬೋಧಿಸಬೇಕಾಗಿಲ್ಲ. ನಮ್ಮ ಮನೆಯಲ್ಲಿಯೇ ಇರುವ ನನ್ನ ತಂಗಿಯ ಮಗನು ಬೆಳಗ್ಗೆ ಏಳಕ್ಕೆ ಹೊರಟು, ಠಾಣೆಯಲ್ಲಿ ಗಾಡಿ ಬದಲಾಯಿಸಿ, ಐರೋಲಿಯ ಕಚೇರಿಯೊಂದರಲ್ಲಿ ದಿನವನ್ನು ಕಳೆದು, ರಾತ್ರಿ ಒಂಬತ್ತರ ಸುಮಾರಿಗೆ ಮರಳುತ್ತಾನೆ. ಊಟವಾದ ಮೇಲೆ ಅವನಿಗೆ ಉಳಿಯುವುದು ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಅವನು ಗಣಕಯಂತ್ರದ ಮುಂದೆ ಕುಳಿತು, ಕತ್ತಿ ಹಿಡಿದ ಬೇಟೆಗಾರನೋ ಮಂತ್ರವಾದಿನಿಯೋ ಆಗಿ, ಪರಕಾಯಪ್ರವೇಶ ಮಾಡಿದವನಂತೆ ಇನ್ನೊಂದು ಲೋಕದಲ್ಲಿ ಸಂಚರಿಸುತ್ತಾನೆ. ಇಂಥ ಆಟಗಳಿಗೆ ಅವನ ಗೆಳೆಯರು ರೋಲ್ ಪ್ಲೇಯಿಂಗ್ ಗೇಮ್ ಎನ್ನುವರು. ಪಾತ್ರವನ್ನು ಧರಿಸಿ ಆಡುವ ಆಟವೆಂದು ನಾವು ಹೇಳಬಹುದು.

ಕಳೆದ ತಿಂಗಳು ಅವನು ನನ್ನ ಮುಂದೆ ಒಂದು ಸಂದೇಹವನ್ನಿಟ್ಟನು. ಕೂಡಿಟ್ಟ ಹಣದಲ್ಲಿ ಒಂದು ಆಟವನ್ನು ಕೊಳ್ಳಬಹುದು. ಒಂದು ನೂರು ಗಂಟೆಗಳದು, ಇನ್ನೊಂದು ಆರೇ ಗಂಟೆಗಳದು, ಆದರೆ ಎಷ್ಟು ಸಲ ಬೇಕಾದರೂ ಮರಳಿ ಆಡುವಂಥದು ಎಂದು ಬಲ್ಲವರು ಹೇಳುತ್ತಾರೆ. ಯಾವುದು ತೃಪ್ತಿಯನ್ನು ಕೊಡುವುದು? ಗಣಕದ ಆಟಗಳ ವಿಷಯದಲ್ಲಿ ನಾನು ಅವನ ಶಿಷ್ಯನೇ ಹೊರತು ಗುರುವಲ್ಲ. ಆದರೂ ಪ್ರಶ್ನೆಯು ನನಗೆ ಅಪರಿಚಿತವೆನಿಸಲಿಲ್ಲ. ಏಕೆಂದರೆ ಕರಾವಳಿಯಲ್ಲಿ ಹುಟ್ಟಿದ ನಮಗೆ ‘ಆಟ’ವೆಂದರೆ ಮೊದಲು ನೆನಪಾಗುವುದು ಯಕ್ಷಗಾನ ಬಯಲಾಟ, ಅಲ್ಲಿಯೂ ಮನುಷ್ಯನು ಪಾತ್ರವನ್ನು ಧರಿಸುವನು, ಅಲ್ಲಿಯೂ ಆಟದ ದೈರ್ಘ್ಯವನ್ನು ಕುರಿತು ಈಗ ಹಲವು ವರ್ಷಗಳಿಂದ ಚರ್ಚೆ ನಡೆದಿದೆ, ಅಲ್ಲಿಯೂ ಕಂಡ ಪ್ರಸಂಗವನ್ನೇ ಮತ್ತೆ ಕಾಣಲು ಹೋಗುವವರ ಹಿಂಡು ಉಂಟು.

ಮೊದಲಿಗೆ ಗಂಟೆಗಳನ್ನು ಎಣಿಸುವವರ ಪಕ್ಷದಲ್ಲಿರುವ ನ್ಯಾಯವನ್ನು ಒಪ್ಪಿಕೊಳ್ಳಬೇಕು. ಹೊಸದಾಗಿ ಬಂದ ದೊಡ್ಡ ಆಟವೊಂದರ ಬೆಲೆ ಮೂರು ನಾಲ್ಕು ಸಾವಿರ ರೂಪಾಯಿ. ಸಂಬಳದಲ್ಲಿ ಬಾಡಿಗೆ, ಪಾಸು, ಊರಿಗೆ ಕಳುಹಿಸುವ ಹಣ ಇವುಗಳನ್ನು ಕಳೆದು ಉಳಿಸಿದ ಮೊತ್ತದಲ್ಲಿ ಅದನ್ನು ಕೊಳ್ಳುವ ತರುಣನು, ಆಟವು ಎರಡು ಸಂಜೆಗಳಲ್ಲಿ ಮುಗಿದುಹೋದರೆ ವಂಚಿತನಾದೆನೆಂದು ತಿಳಿಯುವುದರಲ್ಲಿ ಸಣ್ಣತನವೇನೂ ಇಲ್ಲ. ಕಲ್ಯಾಣದಿಂದ ಘಟ್ಟವನ್ನೇರಿದರೆ ಸಿಗುವ ಪುಣೆಯ ತರುಣರ ತಂಡವೊಂದು 2020ರಲ್ಲಿ ‘ರಾಜಿ’ ಎಂಬ ಆಟವನ್ನು ಹೊರತಂದಿತು. ಅದು ಶುದ್ಧವಾದ ಪಾತ್ರಧಾರಣೆಯ ಆಟವಲ್ಲ, ಸಾಹಸದ ಕಥೆ. ಅಸುರರು ಹೊತ್ತೊಯ್ದ ತಮ್ಮನನ್ನು ಹುಡುಕಿಕೊಂಡು ಹೊರಟ ಹುಡುಗಿಯ ವೃತ್ತಾಂತವನ್ನು ವಿಷ್ಣು ಮತ್ತು ದುರ್ಗೆಯರು ನಿರೂಪಿಸುವರು. ನಮ್ಮ ದೇಶದ ಶಿಲ್ಪವೂ ಪುರಾಣವೂ ಪರದೆಯ ಮೇಲೆ ಅಷ್ಟು ಸುಂದರವಾಗಿ ಮೂಡಿದುದನ್ನು ಕಂಡು ಸಂತೋಷಪಟ್ಟವರೇ, ಐದಾರು ಗಂಟೆಗಳಲ್ಲಿ ಅದು ಮುಗಿದುದಕ್ಕಾಗಿ ಕೊರಗಿದರು. ಆದರೆ ಆ ಕೊರಗಿನಲ್ಲಿ ಎರಡು ಭಾವಗಳು ಬೆರೆತಿದ್ದುವು: ಕೊಟ್ಟ ಹಣಕ್ಕೆ ಸಿಕ್ಕ ಕಾಲವು ಸಾಲದೆಂಬುದು ಒಂದು, ಕಥೆಯು ತನ್ನ ಪಾಕವನ್ನು ತಲುಪುವ ಮೊದಲೇ ಒಲೆಯಿಂದ ಇಳಿದುಬಿಟ್ಟಿತೆಂಬುದು ಇನ್ನೊಂದು. ಮೊದಲನೆಯದು ವ್ಯವಹಾರದ ಮಾತು, ಎರಡನೆಯದು ರಸದ ಮಾತು. ಇವೆರಡನ್ನು ಬೇರ್ಪಡಿಸದೆ ತೃಪ್ತಿಯ ವಿಚಾರವನ್ನು ನಿರ್ಣಯಿಸಲಾಗದು.

ದೈರ್ಘ್ಯವು ಯಾವಾಗ ರಸಕ್ಕೆ ಪೋಷಕವಾಗುವುದು? ನನ್ನ ಬಾಲ್ಯದಲ್ಲಿ ಆಟವೆಂದರೆ ರಾತ್ರಿ ಊಟವಾದ ಮೇಲೆ ಆರಂಭವಾಗಿ ಸೂರ್ಯೋದಯದ ಹೊತ್ತಿಗೆ ಮಂಗಳ ಹಾಡುವಂಥದು. ಅಷ್ಟು ದೀರ್ಘವಾದ ರಾತ್ರಿಯೂ ಕ್ರಮವಿಲ್ಲದ ರಾಶಿಯಾಗಿರಲಿಲ್ಲ. ಮೊದಲು ಕೋಡಂಗಿ, ಬಾಲಗೋಪಾಲರು, ಸ್ತ್ರೀವೇಷಗಳು. ಅನಂತರ ಒಡ್ಡೋಲಗ, ರಾಜರ ಸಂಭಾಷಣೆ. ನಡುರಾತ್ರಿ ಕಳೆದು ಕಣ್ಣು ಕೂರುವ ಹೊತ್ತಿಗೆ ದೊಂದಿಯ ಬೆಳಕು, ರಾಳದ ಉರಿ, ಚೆಂಡೆಯ ಅಬ್ಬರಗಳೊಡನೆ ಬಣ್ಣದ ವೇಷದ, ಎಂದರೆ ರಾಕ್ಷಸನ, ಪ್ರವೇಶ. ಬಾಲಕರಾದ ನಾವು ಚಾಪೆಯ ಮೇಲೆ ಮಲಗುತ್ತ, ‘ಬಣ್ಣದ ವೇಷ ಬಂದಾಗ ಎಬ್ಬಿಸು’ ಎಂದು ಅಜ್ಜಿಗೆ ಹೇಳಿ ನಿದ್ರಿಸುತ್ತಿದ್ದೆವು. ಆ ನಿದ್ರೆಗೂ ಆಟದಲ್ಲಿ ಸ್ಥಾನವಿತ್ತು. ರಾಕ್ಷಸನು ಕತ್ತಲೆಯ ಗರ್ಭದಲ್ಲಿ ಹುಟ್ಟಿ ಬೆಳಕು ಹರಿಯುವಾಗ ಅಳಿಯಬೇಕಾದರೆ, ನಡುವೆ ನಿಜವಾದ ಒಂದು ರಾತ್ರಿಯೇ ಕಳೆಯಬೇಕಾಗಿತ್ತು. ಆ ದೈರ್ಘ್ಯವನ್ನು ಕಥೆಯೂ ಕಾಲವೂ ಕೂಡಿ ಬೇಡಿದ್ದುವು.

ಈಗ ಕಾಲಮಿತಿಯ ಪ್ರದರ್ಶನಗಳು ಬಳಕೆಗೆ ಬಂದಿವೆ. ರಾತ್ರಿ ಹತ್ತರಿಂದ ಬೆಳಗಿನ ಆರರ ವರೆಗೆ ಧ್ವನಿವರ್ಧಕಗಳನ್ನು ನಿರ್ಬಂಧಿಸುವ 2000ದ ನಿಯಮಗಳೂ, ಮರುದಿನದ ಉದ್ಯೋಗದ ಚಿಂತೆಯೂ ಇದಕ್ಕೆ ಕಾರಣಗಳು. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಯಂದು ಗೆಜ್ಜೆ ಬಿಚ್ಚಿದ ಕಲಾವಿದರು ಮಳೆಗಾಲದಲ್ಲಿ ಮುಂಬಯಿಗೆ ಬಂದಾಗ ಡೊಂಬಿವಲಿ, ಠಾಣೆಗಳ ಸಭಾಂಗಣಗಳಲ್ಲಿ ನಾವು ಕಾಣುವುದು ಮೂರು ಗಂಟೆಗಳ ಆಟವನ್ನು. ಚೆನ್ನಾಗಿ ಹೆಣೆದ ಮೂರು ಗಂಟೆಗಳು ನನಗೆ ಪೂರ್ಣ ತೃಪ್ತಿಯನ್ನು ಕೊಟ್ಟಿರುವುದುಂಟು; ಇಡೀ ರಾತ್ರಿಯ ಪ್ರಸಂಗವನ್ನು ಬರಿದೆ ಕತ್ತರಿಸಿ ಓಡಿಸಿದ ಮೂರು ಗಂಟೆಗಳು ಆಯಾಸವನ್ನು ತಂದಿರುವುದೂ ಉಂಟು.

ನಮ್ಮ ಕವಿಗಳಿಗೂ ಈ ಪ್ರಶ್ನೆ ಹೊಸದಾಗಿರಲಿಲ್ಲ. ಪಂಪನು ಹಿರಿದಾದ ಭಾರತವನ್ನು ಅದರ ಅಂಗಭಂಗವಾಗದಂತೆ ಹದಿನಾಲ್ಕು ಆಶ್ವಾಸಗಳಲ್ಲಿ ಹಿಡಿದಿಟ್ಟನು. ರನ್ನನು ಅದರ ಕೊನೆಯ ಒಂದು ಯುದ್ಧವನ್ನೇ ಆರಿಸಿಕೊಂಡು, ಸಿಂಹಾವಲೋಕನದಿಂದ ಹಿಂದಿನದೆಲ್ಲವನ್ನೂ ಅದರೊಳಕ್ಕೆ ಸೆಳೆದು, ಹತ್ತು ಆಶ್ವಾಸಗಳಲ್ಲಿ ಮುಗಿಸಿದನು. ಇವೆರಡರಲ್ಲಿ ಯಾವುದನ್ನು ಓದಿ ಮುಗಿಸಿದವನೂ ಕಡಿಮೆಯಾಯಿತೆನ್ನಲಾರನು. ಆದರೆ ಅನಂತರ ಬಂದ ಅನೇಕ ಕಾವ್ಯಗಳಲ್ಲಿ ಸಮುದ್ರ, ಪರ್ವತ, ಚಂದ್ರೋದಯ, ಜಲಕ್ರೀಡೆ ಮೊದಲಾದ ಅಷ್ಟಾದಶ ವರ್ಣನೆಗಳು ಲಕ್ಷಣಗ್ರಂಥದ ಋಣವನ್ನು ತೀರಿಸಲೆಂಬಂತೆ ಬಂದು ಕುಳಿತುವು. ಈ ತಲೆಮಾರಿನ ಆಟಗಳಲ್ಲಿ ಈ ವರ್ಣನೆಗಳಿಗೆ ಸಂವಾದಿಯಾದುದನ್ನು ಸೈಡ್ ಕ್ವೆಸ್ಟ್ ಎನ್ನುವರು. ಮುಖ್ಯ ಕಥೆಯ ಪಕ್ಕದಲ್ಲಿ ಕವಲೊಡೆಯುವ ಚಿಕ್ಕ ಸಾಹಸಗಳು ಅವು. ಪೋಲೆಂಡಿನ ತಂಡವೊಂದು 2015ರಲ್ಲಿ ರಚಿಸಿದ ‘ದಿ ವಿಚರ್ 3’ ಎಂಬ ಆಟದಲ್ಲಿ ಮುಖ್ಯ ಕಥೆಗೇ ಸುಮಾರು ಐವತ್ತು ಗಂಟೆಗಳು ಬೇಕು, ಎಲ್ಲವನ್ನೂ ನೋಡಹೊರಟರೆ ನೂರನ್ನು ಮೀರುವುದು. ಆದರೆ ಅದರ ಉಪಕಥೆಗಳು ಮುಖ್ಯ ಕಥೆಯ ದುಃಖವನ್ನೇ ಬೇರೆ ಮುಖಗಳಲ್ಲಿ ತೋರಿಸುವುದರಿಂದ ಭಾರವೆನಿಸುವುದಿಲ್ಲವೆಂದು ನನ್ನ ಅಳಿಯನು ಹೇಳುತ್ತಾನೆ. ಬೇರೆ ಕೆಲವು ಆಟಗಳಲ್ಲಾದರೋ, ಮುಂದಿನ ಬಾಗಿಲು ತೆರೆಯಬೇಕಾದರೆ ಅದೇ ಕಾಡಿನ ಅದೇ ತೋಳಗಳನ್ನು ನೂರು ಸಲ ಕೊಲ್ಲಬೇಕು. ಇದಕ್ಕೆ ಆಡುವವರು ಗ್ರೈಂಡ್ ಮಾಡುವುದು ಎನ್ನುವರು. ಅರೆಯುವುದೆಂಬ ಆ ಮಾತೇ ತನ್ನ ದುಃಖವನ್ನು ಹೇಳಿಕೊಳ್ಳುತ್ತದೆ. ದಿನವಿಡೀ ಕಚೇರಿಯಲ್ಲಿ ಅರೆದು ಬಂದವನಿಗೆ ರಾತ್ರಿಯ ವಿರಾಮದಲ್ಲಿಯೂ ಅರೆಯುವ ಕಲ್ಲನ್ನೇ ಕೊಡುವುದು ಕರುಣೆಯ ಕಾರ್ಯವಲ್ಲ.

ಇಲ್ಲಿ ಒಂದು ಸರಳವಾದ ಲೆಕ್ಕವನ್ನೂ ಮಾಡಬೇಕು. ದಿನಕ್ಕೊಂದು ಗಂಟೆಯಂತೆ ನೂರು ಗಂಟೆಗಳ ಆಟವನ್ನು ಮುಗಿಸಲು ಮೂರು ತಿಂಗಳಿಗೂ ಹೆಚ್ಚು ಕಾಲ ಹಿಡಿಯುವುದು. ಹಬ್ಬ, ಜ್ವರ, ಮಳೆಯಲ್ಲಿ ನಿಂತುಹೋದ ಗಾಡಿಗಳ ರಾತ್ರಿಗಳನ್ನು ಸೇರಿಸಿದರೆ ನಾಲ್ಕು ತಿಂಗಳು. ಜ್ಯೇಷ್ಠದಲ್ಲಿ ಆರಂಭಿಸಿದ ಕಥೆಯ ಪ್ರತಿಜ್ಞೆಯನ್ನು ಆಶ್ವಯುಜದಲ್ಲಿ ನೆನಪಿಡುವುದು ಸುಲಭವಲ್ಲ. ಕಳೆದ ವರ್ಷ ಅಂಥದೊಂದನ್ನು ಮುಗಿಸಿದ ರಾತ್ರಿ, ‘ಮುಗಿಯಿತು’ ಎಂದು ನನ್ನ ಅಳಿಯನು ಹೇಳಿದ ಧ್ವನಿಯಲ್ಲಿ ಕಂಡದ್ದು ಸಾಲ ತೀರಿಸಿದವನ ಬಿಡುಗಡೆ. ಮಂಗಳದ ಹಾಡನ್ನು ಕೇಳಿ ಎದ್ದವನ ತುಂಬಿದ ಮನಸ್ಸನ್ನು ನಾನು ಅಲ್ಲಿ ಕಾಣಲಿಲ್ಲ.

ಇನ್ನು ಪುನರಾವರ್ತನೆಯ ಗುಣ. 1995ರಲ್ಲಿ ಜಪಾನಿನಿಂದ ಬಂದ ‘ಕ್ರೋನೋ ಟ್ರಿಗರ್’ ಎಂಬ ಆಟವು, ಕಥೆಯನ್ನು ಒಮ್ಮೆ ಮುಗಿಸಿದವನು ತಾನು ಗಳಿಸಿದ ಬಲದೊಡನೆಯೇ ಮೊದಲಿನಿಂದ ಮತ್ತೆ ಹೊರಡಬಹುದಾದ ವ್ಯವಸ್ಥೆಯನ್ನು ಮಾಡಿ, ಅವನು ಕೊನೆಯ ಶತ್ರುವನ್ನು ಯಾವಾಗ ಎದುರಿಸುವನೆಂಬುದನ್ನು ಅನುಸರಿಸಿ ಹಲವು ಅಂತ್ಯಗಳನ್ನು ಇರಿಸಿತು. ಅಂದಿನಿಂದ ಅಂತ್ಯಗಳ ಸಂಖ್ಯೆಯನ್ನು ಸಾರುವುದು ಒಂದು ಪದ್ಧತಿಯಾಗಿದೆ. ಆದರೆ ಅಂತ್ಯಗಳು ಹೆಚ್ಚಾದ ಮಾತ್ರಕ್ಕೆ ಮರಳಿ ಆಡಬೇಕೆಂಬ ಬಯಕೆ ಹುಟ್ಟುವುದೆ? ಈ ಸಂಶಯಕ್ಕೆ ನನಗೆ ಉತ್ತರ ದೊರೆತುದು ತಾಳಮದ್ದಳೆಯಲ್ಲಿ.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯವನ್ನು ಹಾಡುವರು, ಅರ್ಥಧಾರಿಯು ಪಾತ್ರವಾಗಿ ಆ ಪದ್ಯಕ್ಕೆ ಆಶುವಾಗಿ ಅರ್ಥವನ್ನು ಹೇಳುವನು. ಪದ್ಯಗಳು ಸ್ಥಿರ, ಕಥೆಯ ಅಂತ್ಯವೂ ಸ್ಥಿರ. ‘ವಾಲಿವಧೆ’ಯಲ್ಲಿ ವಾಲಿಯು ರಾಮಬಾಣಕ್ಕೆ ಬೀಳುವನೆಂದು ತಿಳಿಯದವರು ಸಭೆಯಲ್ಲಿ ಒಬ್ಬರೂ ಇರಲಾರರು. ಆದರೆ ಬಿದ್ದ ವಾಲಿಯು ರಾಮನನ್ನು ಈ ರಾತ್ರಿ ಏನೆಂದು ಪ್ರಶ್ನಿಸುವನು, ರಾಮನು ಏನೆಂದು ಸಮಾಧಾನ ಹೇಳುವನು ಎಂಬುದು ಆ ಅರ್ಥಧಾರಿಗಳಿಬ್ಬರಿಗೂ ಮುಂಚಿತವಾಗಿ ಪೂರ್ಣವಾಗಿ ತಿಳಿಯದು. ಕಾಸರಗೋಡಿನ ನೆಲದಿಂದ ಬಂದ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಅರ್ಥವನ್ನು ಕೇಳಲು ಜನರು ಅದೇ ಪ್ರಸಂಗಗಳಿಗೆ ದಶಕಗಳ ಕಾಲ ಮತ್ತೆ ಮತ್ತೆ ಬಂದರಲ್ಲವೆ? ಒಂದೇ ಅಂತ್ಯವುಳ್ಳ ಕಥೆಯು ಅಷ್ಟು ಬಾರಿ ಹೊಸತಾದುದು ಮಾತಿನ ಬಲದಿಂದ, ಎದುರಾಳಿಯ ಪ್ರಶ್ನೆಯ ಬಲದಿಂದ, ಕೇಳುವವನ ವಯಸ್ಸಿನ ಬಲದಿಂದ. ಹಿಂದೆ ಕಂಡ ಅರ್ಥಗಳೇ ರಸದ ಸಂಗದಿಂದ ವಸಂತದ ಮರಗಳಂತೆ ಹೊಸದಾಗಿ ತೋರುವುವೆಂದು ಒಂಬತ್ತನೆಯ ಶತಮಾನದಲ್ಲಿ ಆನಂದವರ್ಧನನು ಹೇಳಿದ ತತ್ತ್ವಕ್ಕೆ ಇದಕ್ಕಿಂತ ಜೀವಂತವಾದ ನಿದರ್ಶನವನ್ನು ನಾನು ಕಾಣೆ.

ಈ ದೃಷ್ಟಿಯಿಂದ ನೋಡಿದರೆ ಕೆಲವು ಚಿಕ್ಕ ಆಟಗಳ ಹಿರಿಮೆ ತಿಳಿಯುವುದು. ಅಮೆರಿಕದ ಟೋಬಿ ಫಾಕ್ಸ್ ಎಂಬವರು 2015ರಲ್ಲಿ ಹೊರತಂದ ‘ಅಂಡರ್‌ಟೇಲ್’ ಒಂದು ಬಾರಿಗೆ ಆರು ಗಂಟೆಗಳಷ್ಟೇ ಹಿಡಿಯುವುದು. ಅದರಲ್ಲಿ ಎದುರಾದ ಪ್ರತಿಯೊಂದು ಜೀವಿಯನ್ನೂ ಕೊಲ್ಲಬಹುದು, ಅಥವಾ ಮಾತನಾಡಿಸಿ ಬಿಟ್ಟುಬಿಡಬಹುದು. ಎಲ್ಲರನ್ನೂ ಉಳಿಸಿದವನಿಗೆ ಒಂದು ಲೋಕ, ಎಲ್ಲರನ್ನೂ ಕೊಂದವನಿಗೆ ಬರಿದಾದ ಇನ್ನೊಂದು ಲೋಕ. ಎಲ್ಲಕ್ಕಿಂತ ಗಂಭೀರವಾದ ವಿಷಯವೆಂದರೆ, ಮೊದಲಿನಿಂದ ಆರಂಭಿಸಿದರೂ ಆಟವು ಹಿಂದಿನ ಕೃತ್ಯವನ್ನು ಮರೆಯುವುದಿಲ್ಲ. ಸರ್ವನಾಶ ಮಾಡಿದವನ ಮುಂದಿನ ಶುಭಾಂತ್ಯದ ಮೇಲೆಯೂ ಆ ಕಲೆಯು ಉಳಿಯುವುದು. ಕರ್ಮಫಲದ ಮಾತನ್ನು ಕೇಳಿ ಬೆಳೆದ ನನಗೆ ಇದು ರೋಮಾಂಚವನ್ನುಂಟುಮಾಡಿತು. ನಮ್ಮ ದೇಶದಲ್ಲಿಯೇ ರೂಪುಗೊಂಡ, 2014ರ ‘ಅನ್‌ರೆಸ್ಟ್’ ಎಂಬ ಪಾತ್ರಧಾರಣೆಯ ಆಟವೂ ಕೆಲವೇ ಗಂಟೆಗಳದು. ಭೀಮ್ರಾ ಎಂಬ ಕಲ್ಪಿತ ಪ್ರಾಚೀನ ಪಟ್ಟಣಕ್ಕೆ ಬರಗಾಲ ಬಂದಿದೆ. ಆಡುವವನು ಒಬ್ಬನೇ ವೀರನಾಗಿರದೆ, ರಾಜಕುಮಾರಿಯ ದೇಹದಿಂದ ಬಡ ರೈತನ ಮಗಳ ದೇಹಕ್ಕೆ ದಾಟುತ್ತ, ಕತ್ತಿಗಿಂತ ಹೆಚ್ಚಾಗಿ ಮಾತಿನಿಂದಲೇ ಬದುಕನ್ನು ನಡೆಸಬೇಕಾಗಿದೆ. ಒಂದೇ ರಾತ್ರಿಯಲ್ಲಿ ಹಲವರು ಅರ್ಥ ಹೇಳುವ ಕೂಟದಂತೆ ಅದು ನನಗೆ ತೋರಿತು.

ಆದುದರಿಂದ ನನ್ನ ನಿರ್ಣಯವಿಷ್ಟು. ದೈರ್ಘ್ಯವನ್ನು ಅಳೆಯಬೇಕಾದುದು ಔಚಿತ್ಯದಿಂದ: ಆ ಗಂಟೆಗಳನ್ನು ಕಥೆಯು ಬೇಡಿತೆ, ಅಥವಾ ಮಾರುವವನು ಬೇಡಿದನೆ ಎಂದು ಕೇಳಬೇಕು. ಮರಳಿ ಆಡುವ ಗುಣವನ್ನು ಅಳೆಯಬೇಕಾದುದು ಅವಕಾಶದಿಂದ: ಪದ್ಯವನ್ನು ಹಾಡಿ ಮುಗಿಸಿದ ಮೇಲೆ ಅರ್ಥ ಹೇಳಲು ಆಡುವವನಿಗೆ ಎಷ್ಟು ಸ್ಥಳವನ್ನು ಬಿಟ್ಟಿದೆ ಎಂದು ನೋಡಬೇಕು. ನೂರು ಗಂಟೆಗಳ ಕಾಲ ಭಾಗವತರೇ ಹಾಡಿ ಅರ್ಥಧಾರಿಗೆ ಬಾಯಿ ತೆರೆಯಲು ಬಿಡದ ಕೂಟದಿಂದ ಯಾರೂ ತೃಪ್ತರಾಗಿ ಮರಳುವುದಿಲ್ಲ.

ನನ್ನ ಅಳಿಯನು ಆರು ಗಂಟೆಗಳ ಆಟವನ್ನೇ ಕೊಂಡನು. ಮೊದಲ ಸಲ, ಅರಿಯದೆ ಕೆಲವರನ್ನು ಕೊಂದನು. ಎರಡನೆಯ ಸಲ ಒಬ್ಬರನ್ನೂ ಕೊಲ್ಲದೆ ಮುಗಿಸಿದನು. ಎಲ್ಲರನ್ನೂ ಕೊಲ್ಲುವ ಮೂರನೆಯ ದಾರಿಯನ್ನು ಆರಂಭಿಸಿ, ಅರ್ಧ ಗಂಟೆಯ ಮೇಲೆ ಯಂತ್ರವನ್ನು ಆರಿಸಿ ಎದ್ದು, ‘ಇವರೆಲ್ಲ ಈಗ ನನಗೆ ಪರಿಚಯದವರು’ ಎಂದನು. ಮುಂದಿನ ಭಾನುವಾರ ಡೊಂಬಿವಲಿಯಲ್ಲಿ ‘ಕೃಷ್ಣಸಂಧಾನ’ದ ತಾಳಮದ್ದಳೆ ಕೂಟವಿತ್ತು, ಕರೆದಾಗ ಬಂದನು. ಸಂಧಿಯು ಮುರಿಯುವುದೆಂದು ತಿಳಿದಿದ್ದರೂ ಕೌರವನ ಮಾತಿನ ಓಘದಲ್ಲಿ ಅವನ ಮೈ ಮುಂದಕ್ಕೆ ಬಾಗಿದುದನ್ನು ಕಂಡೆನು. ಮರಳುವಾಗ ದಿವಾದಲ್ಲಿ ಇಳಿದು, ರೈಲ್ವೆ ಗೇಟಿನ ಬಳಿ ಗಾಡಿ ಹಾದುಹೋಗುವುದನ್ನು ಕಾಯುತ್ತ ನಿಂತಿದ್ದಾಗ ಅವನು ಕೇಳಿದನು: ‘ಮಾಮ, ಇದೇ ಪ್ರಸಂಗವನ್ನು ಮತ್ತೆ ಯಾವಾಗ ಮಾಡುತ್ತಾರೆ? ಆಗ ಕೌರವನ ಅರ್ಥ ಯಾರದು?’