ಗುಡ್ಡದ ಮೇಲಿನ ಮನೆಗೂ ಹಕ್ಕು ತಲುಪಲಿ



ನಮ್ಮ ಕಾಫಿ ನಾಡಿನ ಮೂಡಿಗೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಜ್ಜಿಯ ಆಸರೆಯಲ್ಲಿ ಬೆಳೆದ ರಕ್ಷಿತಾ ರಾಜು ಅವರಿಗೆ ಕಣ್ಣು ಕಾಣುವುದಿಲ್ಲ. 2018ರಲ್ಲಿ ಜಕಾರ್ತದಲ್ಲಿ, 2023ರಲ್ಲಿ ಹಾಂಗ್‌ಝೌನಲ್ಲಿ ಏಷ್ಯನ್ ಪ್ಯಾರಾ ಕ್ರೀಡಾಕೂಟದ 1500 ಮೀಟರ್ ಓಟದ ಚಿನ್ನ ಗೆದ್ದರು. 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲೂ ಓಡಿದರು. ನಾವೆಲ್ಲ ಹೆಮ್ಮೆಪಟ್ಟೆವು. ಅವರ ಓಟವನ್ನು ಇನ್ನೊಮ್ಮೆ ಹತ್ತಿರದಿಂದ ನೋಡಿ. ಅವರ ಕೈಯನ್ನೂ ಜೊತೆಗೆ ಓಡುವ ಗೈಡ್ ರನ್ನರ್ ಕೈಯನ್ನೂ ಒಂದು ಗಿಡ್ಡ ದಾರ ಬೆಸೆದಿರುತ್ತದೆ. ತಿರುವು ಬಂತು, ಮುಂದೆ ಇಂಥವರಿದ್ದಾರೆ ಎಂದು ಹೇಳುತ್ತಾ ಆ ಜೊತೆಗಾರ ಹೆಜ್ಜೆಗೆ ಹೆಜ್ಜೆ ಸೇರಿಸಬೇಕು. ಅದಕ್ಕೂ ಮೊದಲು ಚಿಕ್ಕಮಗಳೂರಿನ ಆಶಾಕಿರಣ ಅಂಧ ಮಕ್ಕಳ ಶಾಲೆ ಅವರ ಕೈಹಿಡಿದಿತ್ತು. ಛಲ ರಕ್ಷಿತಾ ಅವರದೇ. ಶಾಲೆ, ತರಬೇತಿ, ಜೊತೆಗಾರ ಸಿಕ್ಕಿದ್ದರಿಂದ ಆ ಛಲಕ್ಕೆ ದಾರಿಯಾಯಿತು. ಇದ್ಯಾವುದೂ ಸಿಗದ ಮಕ್ಕಳು ನಮ್ಮ ಗುಡ್ಡಗಳಲ್ಲಿ ಮನೆಯ ಜಗಲಿ ದಾಟದೆಯೇ ದೊಡ್ಡವರಾಗುತ್ತಿದ್ದಾರೆ.

ಕಳಸದ ಕಡೆಯ ತೋಟದ ಲೈನ್ ಮನೆಯಲ್ಲಿರುವ ಕೂಲಿ ಹೆಂಗಸೊಬ್ಬಳು ನಡೆಯಲಾಗದ ಮಗನ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೆ ಹೊರಟರೆ ಏನೇನಾಗುತ್ತದೆ? ಮಳೆಗಾಲದ ಕೆಸರಿನಲ್ಲಿ ಮಗನನ್ನು ಸೊಂಟದ ಮೇಲೆ ಹೊತ್ತು ಟಾರು ರಸ್ತೆಗೆ ಇಳಿಯಬೇಕು. ರಿಯಾಯಿತಿ ಪಾಸು ನಡೆಯುವುದು ಸರ್ಕಾರಿ ಬಸ್ಸಿನಲ್ಲಿ. ಒಳಹಳ್ಳಿಗೆ ಬರುವುದು ಹೆಚ್ಚಾಗಿ ಖಾಸಗಿ ಬಸ್ಸು. ಕೊಪ್ಪದ ಸಹಕಾರ ಸಾರಿಗೆ ಸಂಸ್ಥೆಯ ಬಸ್ಸುಗಳು 2020ರಲ್ಲಿ ನಿಂತ ಮೇಲಂತೂ ಮಲೆನಾಡಿನ ಬಸ್ಸಿನ ಕಷ್ಟ ಇನ್ನೂ ಹೆಚ್ಚಿತು. ಜಿಲ್ಲಾಸ್ಪತ್ರೆಗೆ ತೊಂಬತ್ತು ಕಿಲೋಮೀಟರ್ ಆಸುಪಾಸು. ಅಂದು ತಜ್ಞ ವೈದ್ಯರು ರಜೆಯಲ್ಲಿದ್ದರೆ ಮತ್ತೆ ಇಷ್ಟೇ ದೂರ, ಮತ್ತೊಂದು ದಿನದ ಕೂಲಿ ನಷ್ಟ. ಕಾರ್ಡಿಲ್ಲದಿದ್ದರೆ ಸೌಲಭ್ಯಕ್ಕಾಗಿ ಕಚೇರಿ ಕಚೇರಿ ಅಲೆಯಬೇಕು. ಅವಳು ಮೂರನೆಯ ಸಲ ಹೋಗದಿದ್ದರೆ ಅದನ್ನು ಅವಳ ಉದಾಸೀನ ಎನ್ನುವ ಹಕ್ಕು ಯಾರಿಗಿದೆ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಶೇ 40 ಅಥವಾ ಹೆಚ್ಚು ವೈಕಲ್ಯವಿರುವವರಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಸರ್ಕಾರಿ ಕೆಲಸದಲ್ಲಿ ಶೇ 4, ಉನ್ನತ ಶಿಕ್ಷಣದಲ್ಲಿ ಶೇ 5 ಮೀಸಲಾತಿ ಕೊಟ್ಟಿದೆ. ನಿಯಮ ಬಂದ ಐದು ವರ್ಷದೊಳಗೆ ಸಾರ್ವಜನಿಕ ಕಟ್ಟಡಗಳೆಲ್ಲ ಅಂಗವಿಕಲರು ಸಲೀಸಾಗಿ ಬಳಸುವಂತಾಗಬೇಕು ಎಂದಿದೆ. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಗಡುವು 2022ಕ್ಕೇ ಮುಗಿಯಿತು. ನಿಮ್ಮೂರಿನ ಪಂಚಾಯಿತಿ, ಅಂಚೆ ಕಚೇರಿ, ಆಸ್ಪತ್ರೆಯ ಮೆಟ್ಟಿಲ ಬಳಿ ನಿಂತು ನೋಡಿ. ರ‍್ಯಾಂಪ್ ಇದೆಯೇ? ಇದ್ದರೆ ಗಾಲಿಕುರ್ಚಿ ಹತ್ತುವಂತೆ ಅದರ ಇಳಿಜಾರು ಹದವಾಗಿದೆಯೇ? ಶೌಚಾಲಯದ ಬಾಗಿಲಲ್ಲಿ ಆ ಕುರ್ಚಿ ಹಿಡಿಸುತ್ತದೆಯೇ?

ಬೆಟ್ಟದ ಊರಿನಲ್ಲಿ ಅಂಗವಿಕಲರು ಸೇವೆಯನ್ನು ಹುಡುಕಿ ಇಳಿಯುವುದಲ್ಲ, ಸೇವೆಯೇ ಅವರಿದ್ದಲ್ಲಿಗೆ ಹತ್ತಬೇಕು. ತಪಾಸಣಾ ಶಿಬಿರ ಕಳಸದಲ್ಲಿ, ಮೂಡಿಗೆರೆಯಲ್ಲಿ, ಹೋಬಳಿ ಹೋಬಳಿಯಲ್ಲಿ, ಮಳೆ ಹಿಡಿಯುವ ಮೊದಲೇ, ಎಲ್ಲ ತಜ್ಞರೊಂದಿಗೆ ನಡೆಯಲಿ. ಶಾಲೆಗೆ ಬರಲಾಗದ ಮಗುವಿಗೆ ಗೃಹಾಧಾರಿತ ಶಿಕ್ಷಣದ ಶಿಕ್ಷಕರು ತಪ್ಪದೆ ಹೋಗಲಿ, ಅವರ ಓಡಾಟದ ಖರ್ಚನ್ನು ಸರ್ಕಾರ ಸರಿಯಾಗಿ ಕೊಡಲಿ. ಅಸ್ಸಾಮಿನಿಂದ ಬಂದ ಕಾರ್ಮಿಕರ ಮಗುವಾದರೂ ಮಗುವೇ. ಅದರ ಹೆಸರೂ ಈ ಸೇವೆಗಳ ಪಟ್ಟಿಯಲ್ಲಿ ಸೇರಲಿ.

ತೋಟದ ಮಾಲೀಕರೇ, ಇಳಿಜಾರಿನಲ್ಲಿ ಕಾಫಿ ಹಣ್ಣು ಕೊಯ್ಯಲಾಗದವರೆಲ್ಲ ಕೆಲಸಕ್ಕೆ ಬಾರದವರಲ್ಲ. ನರ್ಸರಿಯ ತೊಟ್ಟೆಗೆ ಮಣ್ಣು ತುಂಬುವುದು, ಬೀಜ ಆರಿಸುವುದು, ಹಾಜರಿಯ ಚೆಕ್‌ರೋಲ್ ಬರೆಯುವುದು, ಹೋಂಸ್ಟೇ ಬುಕಿಂಗ್ ನೋಡಿಕೊಳ್ಳುವುದು ಇವೆಲ್ಲ ಕೂತು ಮಾಡುವ ಕೆಲಸಗಳೇ. ಕೆಲಸ ಕೊಡಿ, ಸಮನಾದ ಕೂಲಿಯನ್ನೂ ಕೊಡಿ. ಬಸ್ಸಿನ ಮಾಲೀಕರೇ, ಅಂಗವಿಕಲರು ಹತ್ತುವವರೆಗೆ ಅರ್ಧ ನಿಮಿಷ ನಿಲ್ಲುವಂತೆ ಡ್ರೈವರಿಗೆ ಹೇಳಿ.

ಉಳಿದ ನಮಗೂ ಕೆಲಸವಿದೆ. ಗ್ರಾಮ ಪಂಚಾಯಿತಿ ತನ್ನ ಸ್ವಂತ ಆದಾಯದ ಶೇ 5ನ್ನು ಅಂಗವಿಕಲರಿಗಾಗಿ ಖರ್ಚು ಮಾಡಬೇಕು. ಅವರಿಗಾಗಿಯೇ ಸಮನ್ವಯ ಗ್ರಾಮಸಭೆ ಇದೆ, ಪುನರ್ವಸತಿ ಕಾರ್ಯಕರ್ತರಿದ್ದಾರೆ. ಮುಂದಿನ ಸಭೆಯಲ್ಲಿ ಎದ್ದು ಕೇಳಿ: ಆ ಹಣ ಎಷ್ಟು, ಯಾರಿಗೆ ತಲುಪಿತು? ಕಾರ್ಡಿಲ್ಲದವರು ಯಾವ ಯಾವ ಮನೆಯಲ್ಲಿದ್ದಾರೆ? ರ‍್ಯಾಂಪ್ ಯಾವ ತಿಂಗಳಲ್ಲಿ ಮುಗಿಯುತ್ತದೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಅವರ ಪರವಾಗಿ ನಾವು ಮಾತಾಡಿ ಬಂದರೆ ಸಾಲದು. ಜೀಪು ಮಾಡಿಯಾದರೂ ಅವರನ್ನು ಸಭೆಗೆ ಕರೆತನ್ನಿ; ಮೊದಲ ಮಾತು ಅವರದಾಗಲಿ.