ಗೋಡೆಯ ಕಪ್ಪು ಬೂಷ್ಟು ಜೀವ ತೆಗೆಯುತ್ತದೆಯೇ?

"ಗೋಡೆಯ ಮೇಲಿನ ಕಪ್ಪು ಬೂಷ್ಟು ಮಾರಕ ವಿಷ, ಮಕ್ಕಳ ಶ್ವಾಸಕೋಶದಲ್ಲಿ ರಕ್ತಸ್ರಾವ ಮಾಡುತ್ತದೆ" ಎಂಬಂಥ ಸಂದೇಶ ನಿಮಗೂ ಬಂದಿರಬಹುದು. ಇದು ಎಷ್ಟು ನಿಜ?

ಈ ಭಯ ಹರಡಿದ್ದು ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಿಂದ. 1993–94ರಲ್ಲಿ ಅಲ್ಲಿನ ಕೆಲವು ಹಸುಗೂಸುಗಳಿಗೆ ಶ್ವಾಸಕೋಶದಲ್ಲಿ ರಕ್ತಸ್ರಾವವಾಯಿತು. ಮನೆಗಳಲ್ಲಿ ಕಂಡ ಸ್ಟ್ಯಾಕಿಬಾಟ್ರಿಸ್ ಎಂಬ ಕಪ್ಪು ಶಿಲೀಂಧ್ರದ ಮೇಲೆ ಅನುಮಾನ ಬಿತ್ತು. ಆದರೆ 2000ನೇ ಇಸವಿಯಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಮರುಪರಿಶೀಲನೆಯ ನಂತರ ಈ ನಂಟು ಸಾಬೀತಾಗಿಲ್ಲ ಎಂದು ಹೇಳಿತು.

ಹಾಗಂತ ಬೂಷ್ಟನ್ನು ಕಡೆಗಣಿಸುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯ ಪ್ರಕಾರ, ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಕೆಮ್ಮು, ಉಬ್ಬಸ, ಉಸಿರಾಟದ ಸೋಂಕು ಹೆಚ್ಚು. ಅಸ್ತಮಾ ಕೂಡ ಉಲ್ಬಣಿಸುತ್ತದೆ. ಬೂಷ್ಟು ಕಪ್ಪಗಿದೆಯೋ, ಹಸಿರಾಗಿದೆಯೋ ಎಂಬುದು ಮುಖ್ಯವಲ್ಲ. ಸತ್ತ ಬೂಷ್ಟಿನ ಕಣಗಳೂ ಅಲರ್ಜಿ ತರಬಲ್ಲವು.

ಹಾಗಾದರೆ ಅದರ ಮೇಲೆ ಪೇಂಟ್ ಹೊಡೆದರೆ ಸಾಕೇ? ಸಾಲದು. ತೇವ ಇರುವವರೆಗೆ ಬೂಷ್ಟು ಮತ್ತೆ ಬರುತ್ತದೆ. ಮೊದಲು ಸೋರುವ ಪೈಪು, ಚಾವಣಿ ಸರಿಪಡಿಸಿ. ನೆನೆದ ವಸ್ತುಗಳನ್ನು 24ರಿಂದ 48 ಗಂಟೆಯೊಳಗೆ ಒಣಗಿಸಿ. ಗೋಡೆಗೆ ಅಂಟಿದ ಬೂಷ್ಟನ್ನು ಮಾಸ್ಕ್ ಹಾಕಿಕೊಂಡು ಸೋಪಿನ ನೀರಿನಿಂದ ಉಜ್ಜಿ, ಚೆನ್ನಾಗಿ ಒಣಗಲು ಬಿಡಿ. ಅಡುಗೆ, ಸ್ನಾನದ ಹೊತ್ತಿನಲ್ಲಿ ಕಿಟಕಿ ತೆರೆದಿಡಿ. ಬ್ಲೀಚಿಗೆ ಟಾಯ್ಲೆಟ್ ಕ್ಲೀನರ್ ಆ್ಯಸಿಡ್ ಬೆರೆಸಲೇಬೇಡಿ. ಅದರಿಂದ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

ಕೆಮ್ಮು, ಉಬ್ಬಸ ವಾಸಿಯಾಗದಿದ್ದರೆ ವೈದ್ಯರನ್ನು ಕಾಣಿ. ಮನೆಯ ಗೋಡೆ ತೇವವಾಗಿದೆ ಎಂಬುದನ್ನೂ ಅವರಿಗೆ ತಿಳಿಸಿ.