ಹೆಸರಿಗಷ್ಟೇ ಮ್ಯಾಂಚೆಸ್ಟರ್



"ಚೆಂಡು ಒದ್ದರೆ ಹೊಟ್ಟೆ ತುಂಬುತ್ತದೆಯೇ, ಮೇಷ್ಟ್ರೇ?" ಇದು ನಮ್ಮ ಮಂಡಿಪೇಟೆಯ ತಂದೆತಾಯಂದಿರು ಅಂದೂ ಇಂದೂ ಕೇಳುವ ಪ್ರಶ್ನೆ. ಅದನ್ನು ನಾನು ತಪ್ಪೆನ್ನಲಾರೆ. ಮಗನ ಅನ್ನದ ಚಿಂತೆ ಹೆತ್ತವರಿಗಲ್ಲದೆ ಇನ್ನಾರಿಗಿರಬೇಕು? ನನ್ನ ತಕರಾರು ಇರುವುದು ಆ ಪ್ರಶ್ನೆಗೆ ಊರಿನ ಅನುಕೂಲಸ್ಥರು ಕೊಡುವ ಉತ್ತರದ ಮೇಲೆ: "ಪ್ರತಿಭೆ ಇದ್ದವನು ಎಲ್ಲಿದ್ದರೂ ಮೇಲೆ ಬರುತ್ತಾನೆ, ಬಿಡಿ." ಕೇಳಲು ಹಿತವಾದ ಈ ಮಾತು ಜವಾಬ್ದಾರಿಯಿಂದ ಜಾರಿಕೊಳ್ಳುವವರ ಮಾತು.

ಕಾರ್ಲ್‌ಟನ್ ಚಾಪ್‌ಮನ್ನರ ಉದಾಹರಣೆಯನ್ನು ನೋಡೋಣ. 1971ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಕನ್ನಡ ನಾಡಿನ ಈ ಆಟಗಾರ ಮುಂದೆ ಭಾರತ ಫುಟ್‌ಬಾಲ್ ತಂಡದ ನಾಯಕರಾದರು. ಬಾಲ್ಯದಲ್ಲಿ ಅವರನ್ನು ತಿದ್ದಿದ್ದು ಭಾರತೀಯ ಕ್ರೀಡಾ ಪ್ರಾಧಿಕಾರದ ಬೆಂಗಳೂರು ಕೇಂದ್ರ. 1990ರಲ್ಲಿ ಅವರು ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಸೇರಿದರು. ಉಕ್ಕಿನ ಕಾರ್ಖಾನೆಯವರು 1987ರಲ್ಲಿ ಸ್ಥಾಪಿಸಿದ ಆ ಸಂಸ್ಥೆ ಹುಡುಗರಿಗೆ ವಸತಿ, ಊಟ, ಓದು, ತರಬೇತಿ ಎಲ್ಲವನ್ನೂ ಒದಗಿಸುತ್ತಿತ್ತು. 1993ರಲ್ಲಿ ಅವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್ ಪಂದ್ಯದಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಮಣಿಸಿದಾಗ ಮೂರು ಗೋಲು ಚಾಪ್‌ಮನ್ನರವು. 1995ರಲ್ಲಿ ಪಂಜಾಬಿನ ಫಗ್ವಾಡದ ಜೆಸಿಟಿ ತಂಡಕ್ಕೆ ಹೋದರು. 1996-97ರ ಮೊದಲ ರಾಷ್ಟ್ರೀಯ ಲೀಗನ್ನು ಆ ತಂಡವೇ ಗೆದ್ದಿತು. ಜೆಸಿಟಿ ಎಂದರೆ ಬಟ್ಟೆಯ ಗಿರಣಿ, ನೆನಪಿರಲಿ. ಚಾಪ್‌ಮನ್ 2020ರ ಅಕ್ಟೋಬರಿನಲ್ಲಿ, ಐವತ್ತು ತುಂಬುವ ಮೊದಲೇ, ತೀರಿಕೊಂಡರು.

ಪ್ರತಿಭೆ ಅವರಲ್ಲಿತ್ತು, ಒಪ್ಪೋಣ. ಆದರೆ ಒಂದು ರೂಪಾಯಿಯ ಸಂಬಳವೂ ಬಾರದ ವಯಸ್ಸಿನಲ್ಲಿ ಅನ್ನವಿಟ್ಟು, ಆಟ ಕಲಿಸಿ, ದೊಡ್ಡ ತಂಡಗಳ ಕಣ್ಣಿಗೆ ಬೀಳುವಂತೆ ಮಾಡಿದವರು ಬೇರೆಯವರು. ವೃತ್ತಿಪರ ಆಟಗಾರನ ಹಣೆಬರಹ ನಿರ್ಧಾರವಾಗುವುದು ಅವನು ಗಳಿಸತೊಡಗುವ ಮೊದಲಿನ ಆ ಐದಾರು ವರ್ಷಗಳಲ್ಲಿ. ಆಗ ಕೈಹಿಡಿಯುವವರಿಲ್ಲದಿದ್ದರೆ ಎಂಥ ಪ್ರತಿಭೆಯೂ ಮಂಡಿಯಲ್ಲಿ ಮೂಟೆ ಹೊರಲು ಹೋಗುತ್ತದೆ.

ಈ ವಿಷಯ ನಮಗೆ ತಿಳಿಯದ್ದೇನಲ್ಲ. ನಮ್ಮ ಹಿರಿಯರು ಗರಡಿಮನೆ ಕಟ್ಟಿದ್ದು ಇದೇ ತಿಳಿವಳಿಕೆಯಿಂದ. ಬಾದಾಮಿ, ಹಾಲು, ತುಪ್ಪವಿಲ್ಲದೆ ಪೈಲ್ವಾನ ತಯಾರಾಗುವುದಿಲ್ಲವೆಂದು ಅರಿತವರು ಅದರ ಖರ್ಚನ್ನು ಬಡ ಹುಡುಗನ ಮನೆಯವರ ತಲೆಯ ಮೇಲೆ ಹೊರಿಸಿ ಸುಮ್ಮನಿರಲಿಲ್ಲ. ಕುಸ್ತಿಗೆ ಸಲ್ಲುವ ನ್ಯಾಯ ಕಾಲ್ಚೆಂಡಿಗೆ ಏಕೆ ಸಲ್ಲಬಾರದು?

"ಆಟೋ ಚಾಲಕರ ಮಗ ವಿನಯ್ ಕುಮಾರ್ ನಮ್ಮ ದಾವಣಗೆರೆಯಿಂದಲೇ ಭಾರತ ತಂಡಕ್ಕೆ ಹೋಗಲಿಲ್ಲವೇ?" ಎನ್ನುವಿರಿ. ಹೋದರು, ಅವರ ಬಗ್ಗೆ ನನಗೂ ಅಪಾರ ಹೆಮ್ಮೆಯಿದೆ. ಆದರೆ ಕ್ರಿಕೆಟ್ಟಿಗೆ ವಲಯ ಪಂದ್ಯಗಳ ಏಣಿಯೊಂದಿತ್ತು. ಅವರು ತಮ್ಮ ಬೆವರಿನಿಂದ ಅದನ್ನು ಏರಿದರು. ಏಣಿಯನ್ನೇ ಇಡದೆ "ಹತ್ತು" ಎನ್ನುವುದು ಯಾವ ನ್ಯಾಯ?

ನಮ್ಮ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆದು ಬೀಗಿದವರು ನಾವು. ಆ ಮ್ಯಾಂಚೆಸ್ಟರಿನಲ್ಲಿ ಹತ್ತಿ ಗಿರಣಿಗಳ ಕಾಲ ಮುಗಿದಿದೆ. ಇಂದು ಜಗತ್ತು ಅದನ್ನು ಗುರುತಿಸುವುದು ಫುಟ್‌ಬಾಲಿನಿಂದ. ಅಲ್ಲಿನ ಯುನೈಟೆಡ್ ತಂಡ 1878ರಲ್ಲಿ ಹುಟ್ಟಿದ್ದು ರೈಲ್ವೆ ಕಾರ್ಮಿಕರ ತಂಡವಾಗಿ. ನಾವು ಅವರಿಂದ ಹೆಸರನ್ನು ಮಾತ್ರ ಎರವಲು ತಂದೆವು.

"ಕಾಲು ಮುರಿದರೆ ಗತಿಯೇನು, ಆಯ್ಕೆಯಾಗದಿದ್ದರೆ ಗತಿಯೇನು?" ಎಂಬ ಆಕ್ಷೇಪದಲ್ಲಿ ಸತ್ಯವಿದೆ. ಅದಕ್ಕೇ ಓದು ಬಿಡಿಸಬೇಡಿ ಎನ್ನುತ್ತೇನೆ. ಆದರೆ ವೈದ್ಯಕೀಯ ಸೀಟಿಗಾಗಿ ಕೋಚಿಂಗಿಗೆ ಸುರಿಯುವ ಲಕ್ಷಗಳಲ್ಲಿ ಅಪಾಯವಿಲ್ಲವೇ? ಅಲ್ಲಿಯೂ ದಡ ಸೇರುವವರು ಕೆಲವರೇ.

ನನ್ನ ಬೇಡಿಕೆ ದೊಡ್ಡದಲ್ಲ. ನಿಮ್ಮಲ್ಲಿ ಶಿಕ್ಷಕರಾದವರು ಆಟದ ಪೀರಿಯಡ್ಡನ್ನು ಗಣಿತಕ್ಕೆ ಕಸಿದುಕೊಳ್ಳಬೇಡಿ. ಆಡಳಿತ ಮಂಡಳಿಗಳಲ್ಲಿ ಇರುವವರು ಮೈದಾನದಲ್ಲಿ ಇನ್ನೊಂದು ಕಟ್ಟಡ ಎಬ್ಬಿಸುವ ಮೊದಲು ಮಕ್ಕಳು ಎಲ್ಲಿ ಓಡಬೇಕೆಂದು ಯೋಚಿಸಿ. ವ್ಯಾಪಾರದಲ್ಲಿ ದೇವರ ದಯೆಯಿಂದ ಚೆನ್ನಾಗಿರುವವರು ನಾಲ್ಕಾರು ಜನ ಸೇರಿ, ಹರಿಹರದ್ದೋ ದಾವಣಗೆರೆಯದ್ದೋ ಒಬ್ಬ ಬಡ ಹುಡುಗನ ಬೂಟು, ಊಟ, ಬಸ್ ಚಾರ್ಜನ್ನು ಐದು ವರ್ಷ ವಹಿಸಿಕೊಳ್ಳಿ. ಅವನು ಗೆದ್ದ ದಿನ ಹಾರ ಹಾಕಲು ಜನ ತಾವಾಗಿಯೇ ಬರುತ್ತಾರೆ. ಅವನಿಗೆ ನಿಮ್ಮ ಅಗತ್ಯವಿರುವುದು ಇಂದು.